ಬುತ್ತಿ ಬಾರದ ಮನೆ

೧೬ ನವೆಂಬರ್, ರವಿವಾರ. ವಾಕಡ

ನಿದ್ದೆ ಹತ್ತುತ್ತಿಲ್ಲ. ಸಂಜೆ ಸುಮಂಗಲಾಳ ಮನೆಯಲ್ಲಿ ನಮ್ಮ ಓದುಗುಂಪು ಸೇರಿತ್ತು. ಮಗನನ್ನು ಕಳೆದುಕೊಂಡ ತಾಯಿಯ ಕಾದಂಬರಿ. ಓದಿ ಎಷ್ಟು ಅತ್ತೆವೆಂದು ಒಬ್ಬೊಬ್ಬರೂ ಹೇಳಿದರು. ಹೇಳುತ್ತ ನನ್ನ ಕಡೆಗೊಮ್ಮೆ ನೋಡುತ್ತಿದ್ದರು, ನಮ್ಮನೆಯವರು ಹೋಗಿ ಇನ್ನೂ ವರ್ಷ ತುಂಬಿಲ್ಲವಲ್ಲ, ನಾನೂ ಅಳಬೇಕಿತ್ತೇನೋ.

ಮೂಲೆಯಲ್ಲಿ ಕೂತು ಕೇಳುತ್ತಿದ್ದ ಸುಮಂಗಲಾಳ ಅತ್ತೆ ಶರಣಮ್ಮ, "ಸಾವಾದ ಮನ್ಯಾಗ ಒಲಿ ಹಚ್ಚಂಗಿಲ್ಲ. ಆ ತಾಯಿಗೆ ಯಾರೂ ಬುತ್ತಿ ತರಲಿಲ್ಲೇನವಾ?" ಎಂದರು.

"ಅತ್ತ್ಯಾರ, ಅದು ಬರೇ ಕಥಿರಿ," ಎಂದಳು ಸುಮಂಗಲಾ. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ನಮ್ಮನೆಯವರು ಹೋದ ದಿನ ಅವರೆಲ್ಲ ನಮ್ಮ ಮನೆಗೂ ಬಂದು ಕಣ್ಣೊರೆಸಿಕೊಂಡು ಕೂತಿದ್ದರು. ಗ್ಯಾಸ್ ಹಚ್ಚಿ ಅವರಿಗೆ ಚಹಾ ಮಾಡಿಕೊಟ್ಟವಳು ನಾನೇ. ಸುಮಂಗಲಾ ತನಗೆ ಸಕ್ಕರೆ ಬೇಡ ಎಂದಿದ್ದಳು.