ನೋವಿಗೆ ನಾಲ್ಕು ಅಂಕ

ಮಾನ್ಯ ಆಸ್ಪತ್ರೆಯ ಮುಖ್ಯಾಧಿಕಾರಿಗಳೇ,

ತುರ್ತು ಚಿಕಿತ್ಸಾ ವಿಭಾಗದ ಬಾಗಿಲಲ್ಲಿ ತಾವು ಹಾಕಿಸಿರುವ ಫಲಕದ ದೆಸೆಯಿಂದ ನನ್ನ ಅತ್ತೆ ಸಾಯುವುದರಲ್ಲಿದ್ದರು. "ನೋವು ಹತ್ತಕ್ಕೆ ಎಷ್ಟು ಎಂದು ಮಾತ್ರ ಹೇಳಿ. ಹೋಲಿಕೆ, ವರ್ಣನೆಗಳಿಗೆ ಅವಕಾಶವಿಲ್ಲ." ಕೆಳಗೆ ಕಾರಣವನ್ನೂ ದಯಪಾಲಿಸಿದ್ದೀರಿ: "ರೋಗಿಗಳ ಪ್ರವಾಹ ಹರಿದು ಬರುತ್ತಿರುವುದರಿಂದ ಸಹಕರಿಸಿ." ಪ್ರವಾಹ ಎಲ್ಲಿತ್ತು ಸ್ವಾಮಿ? ನಮಗೆ ಕಂಡದ್ದು ಕಾಲು ಅಲ್ಲಾಡುವ ಒಂದು ಬೆಂಚು, ಅದರ ಮೇಲೆ ಬಾಡಿದ ಮುಖದ ನಾಲ್ಕೈದು ಜನ. ಹೋಲಿಕೆಯ ಹಕ್ಕನ್ನು ಕಚೇರಿ ತನಗಷ್ಟೇ ಕಾದಿರಿಸಿಕೊಂಡಿದೆ ಎಂದು ತಿಳಿಯಿತು.

ಅತ್ತೆ ನಿವೃತ್ತ ಶಿಕ್ಷಕಿ. ಪ್ರಬಂಧಕ್ಕೆ ಹತ್ತರಲ್ಲಿ ನಾಲ್ಕಕ್ಕಿಂತ ಹೆಚ್ಚು ಯಾರಿಗೂ ಕೊಟ್ಟವರಲ್ಲ, ಹೆತ್ತ ಮಗನಿಗೂ. ಹೊಟ್ಟೆ ಹಿಡಿದುಕೊಂಡೇ ನರ್ಸಮ್ಮನಿಗೆ, "ಒದ್ದೆ ಬಟ್ಟೆ ಹಿಂಡಿದ ಹಾಗೆ ಆಗ್ತಿದೆ ಕಣಮ್ಮ" ಎಂದರು.

"ಅದೆಲ್ಲ ಬೇಡ ಅಜ್ಜಿ, ಹತ್ತಕ್ಕೆ ಎಷ್ಟು ಹೇಳಿ."

"ನಾಲ್ಕು."

"ಅತ್ತೆ, ಹತ್ತು ಅನ್ನಿ!" ಎಂದು ನಾನು ಗೋಗರೆದೆ.

"ಸುಮ್ನಿರೇ. ಈಗ್ಲೇ ಹತ್ತು ಕೊಟ್ಬಿಟ್ರೆ, ಇದಕ್ಕಿಂತ ಜಾಸ್ತಿ ಬಂದಾಗ ಏನು ಕೊಡ್ಲಿ?"

ನಾಲ್ಕಂಕದವರು ಬೆಂಚಿಗೆ. ಸ್ವಲ್ಪ ಹೊತ್ತಿಗೆ ಅತ್ತೆಯ ಮುಖ ಬಿಳುಚಿಕೊಂಡಿತು. "ಹಿಂಡಿ ಹಿಂಡಿ ಬಟ್ಟೆ ಹರಿದೇ ಹೋದ ಹಾಗಾಯ್ತು. ಈಗ ನೋವು ಕಮ್ಮಿ" ಎಂದರು. ನರ್ಸಮ್ಮ "ಎರಡು" ಎಂದು ಬರೆದುಕೊಂಡು ನಮ್ಮನ್ನು ಸಾಲಿನ ಕೊನೆಗೆ ಕಳಿಸಿದರು. ಅವರ ತಪ್ಪೇನಿಲ್ಲ, ಹರಿದ ಬಟ್ಟೆಯನ್ನು ಬರೆಯಲು ತಾವು ಜಾಗ ಬಿಟ್ಟಿಲ್ಲ. ಪುಣ್ಯಕ್ಕೆ, ಹಾದುಹೋಗುತ್ತಿದ್ದ ಡಾಕ್ಟರೊಬ್ಬರ ಕಿವಿಗೆ ಆ ಮಾತು ಬಿತ್ತು. "ಏನು ಹರಿದ ಹಾಗಾಯ್ತು ಅಂದ್ರಿ?" ಎಂದು ನಿಂತವರು, ಹೊಟ್ಟೆ ಮುಟ್ಟಿ ನೋಡಿ ಸ್ಟ್ರೆಚರ್ ತರಲು ಕೂಗಿದರು. ಅಪೆಂಡಿಕ್ಸ್ ಒಡೆದಿತ್ತು. ಒಡೆದಾಗ ನೋವು ಕೆಲಹೊತ್ತು ಇಳಿಯುವುದುಂಟಂತೆ. ಅಂಕಿ ಇಳಿಯುತ್ತಿದ್ದಾಗಲೇ ಅತ್ತೆ ನಮ್ಮ ಕೈತಪ್ಪಿ ಹೋಗುತ್ತಿದ್ದರು. ಒಳಗೆ ಆಗುತ್ತಿರುವುದನ್ನು ಹೊರಗಿನವರಿಗೆ ತೋರಿಸಲು "ಹಾಗೆ" ಎಂಬ ಒಂದು ಮಾತನ್ನು ಬಿಟ್ಟರೆ ಬಡಮನುಷ್ಯರ ಬಳಿ ಇನ್ನೇನಿದೆ? ಅದನ್ನೂ ತಾವು ಬಾಗಿಲಲ್ಲೇ ಬಿಟ್ಟು ಬರಲು ಹೇಳಿದ್ದೀರಿ.

ಅತ್ತೆ ಬದುಕಿದರು. ಆದರೆ ಈಗ ವಾರ್ಡಿನಲ್ಲಿ ಕೇಳಿದ್ದಕ್ಕೆಲ್ಲ ಹತ್ತು ಎನ್ನುತ್ತಾರೆ. ಹೊಲಿಗೆಯ ನೋವಿಗೂ ಹತ್ತು, ಸೊಳ್ಳೆ ಕಡಿದದ್ದಕ್ಕೂ ಹತ್ತು. "ಕಮ್ಮಿ ಹೇಳಿದ್ರೆ ಮತ್ತೆ ಬೆಂಚಿಗೆ ಕಳಿಸ್ತಾರೆ ಕಣೇ" ಎಂದು ನನ್ನ ಕೈ ಹಿಡಿದುಕೊಳ್ಳುತ್ತಾರೆ. ಜೀವಮಾನವಿಡೀ ಅರ್ಧ ಅಂಕವನ್ನೂ ಸುಳ್ಳಾಗಿ ಕೊಡದವರಿಗೆ ಈ ವಯಸ್ಸಿನಲ್ಲಿ ಸುಳ್ಳು ಕಲಿಸಿದ್ದೀರಿ. ನೋಡಿದರೆ ಕರುಳು ಕಿವುಚಿದಂತಾಗುತ್ತದೆ. ಕ್ಷಮಿಸಿ, ಇದೂ ಹೋಲಿಕೆಯೇ.

ಆ ಫಲಕ ಇಳಿಸಿ. ಅಂಕಿ ಬೇಕಿದ್ದರೆ ಕೇಳಿಕೊಳ್ಳಿ. ಅದಾದ ಮೇಲೆ "ಹೇಗೆ ನೋಯ್ತಿದೆ?" ಎಂದೂ ಕೇಳಿಸಿ, ಉತ್ತರ ಮುಗಿಯುವವರೆಗೆ ಕೇಳುವವರೊಬ್ಬರನ್ನು ಅಲ್ಲಿ ಕೂರಿಸಿ.

ಇಂತಿ,
ತನ್ನ ಸಿಟ್ಟು ಹತ್ತಕ್ಕೆ ಎಷ್ಟೆಂದು ಹೇಳಲು ಬಾರದ,
ಆ ನಾಲ್ಕಂಕದ ಟೀಚರಮ್ಮನ ಸೊಸೆ