ಹಾಯಿಸಬ್ಯಾಡ ಅಂದಿದ್ದಳು ಸೂಗಮ್ಮ

ಲಿಂಗಸುಗೂರು

ಸಂಗನಬಸವಾ,

ಹೆಸರಿನ ಮುಂದೆ ಚಿರಂಜೀವಿ ಅಂತ ಬರೆದು ಹೊಡೆದುಹಾಕಿದ್ದೀನಿ. ನಿನಗೆ ಆಯುಷ್ಯ ಬೇಡ ಅಂತಲ್ಲ. ಆಶೀರ್ವಾದ ಕಾಗದದ ಕೊನೆಗೆ ಬರ್ತದ, ಅಲ್ಲೀತನಕ ನನ್ನ ಬೈಗುಳ ಓದು. ಫೋನಿನೊಳಗ ಬೈದರೆ "ಅತ್ತೀ, ಸಿಗ್ನಲ್ ಇಲ್ಲ" ಅಂತ ಕಟ್ ಮಾಡ್ತಿ. ಕಾಗದದೊಳಗ ಆ ಸೌಲತ್ತು ಇಲ್ಲ.

ನಿನ್ನೆ ನಿಮ್ಮ ಮಿಲ್ಲಿನ ಯಮನೂರ ಸಿಂಧನೂರಿನಿಂದ ಬಂದು, ಪೊಲೀಸರಿಗೆ ಕೊಡಲು ನೀನು ಟೈಪು ಮಾಡಿಸಿದ ಹೇಳಿಕೆ ಮುಂದಿಟ್ಟ. "ಅಮ್ಮಾರ, ಇಲ್ಲೊಂದು ಸಹಿ ಮಾಡಬೇಕಂತ್ರಿ. ಓದೋ ತ್ರಾಸು ತಗೋಬ್ಯಾಡ್ರಿ ಅಂದಾರ್ರಿ ಸಾವಕಾರ್ರು" ಅಂದ. ಆ ಕಡೇ ಮಾತಿಗೇ ನಾನು ಚಷ್ಮಾ ಹುಡುಕಿದ್ದು. ಅದರೊಳಗ ಹಿಂಗ ಬರೆದಿತ್ತು: ಸಂತೆಕಲ್ಲೂರಿನ ಸೂಗಮ್ಮ ರಸ್ತೆ ಮೇಲೆ ಹುರುಳಿ ಹರವಿದ್ದಳು, ನಿನ್ನ ಗಾಡಿ ಬಂದಾಗ ಕೈ ಬೀಸಿ "ಹಾಯಿಸು", ಅಂದರೆ ಅದರ ಮೇಲೇ ಗಾಡಿ ಓಡಿಸು, ಅಂತ ಕರೆದಳು, ಅದರಿಂದ ಗಾಡಿಗೆ ಬೆಂಕಿ ಹತ್ತಿತು, ಪಕ್ಕದಲ್ಲಿ ಕೂತಿದ್ದ ನಾನು ಇದನ್ನೆಲ್ಲ ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ. ಓದಿ ಮುಗಿಸಿ ಆ ಹಾಳೆ ಮಡಚಿಟ್ಟೆ. ಯಮನೂರನಿಗೆ ಚಹಾ ಕುಡಿಸಿ ಖಾಲಿ ಕೈಲೆ ಕಳಿಸಿದೆ.

ಗಾಡಿಯಿಂದಲೇ ಶುರು ಮಾಡ್ತೀನಿ, ನಿನಗೆ ತಿಳಿಯೋದು ಆ ಭಾಷೆ ಒಂದೇ.

ಹೋದ ವರ್ಷ ನನ್ನನ್ನು ಹೈದರಾಬಾದಿಗೆ ಕರಕೊಂಡು ಹೋದಿ, ಹಳೇ ಗಾಡಿ ಮಾರೋ ಅಮೀನ್‌ಸಾಬರ ಶೆಡ್ಡಿಗೆ. ಮೂರು ಹಳೇ ವಿಲಾಯತಿ ಗಾಡಿ ಸಾಲಾಗಿ ನಿಂತಿದ್ದವು. "ಅತ್ತೀ, ಇವುಗಳೊಳಗ ಯಾವುದು ತಗೊಳ್ಳಲಿ, ನೀನೇ ಓಡಿಸಿ ಹೇಳು" ಅಂದಿ. ಆವತ್ತು ನನಗೆ ಎಷ್ಟು ಹಿಗ್ಗಾಗಿತ್ತು ಗೊತ್ತೇನು? ನಿಮ್ಮ ಮಾವ ತೀರಿಕೊಂಡ ಮೇಲೆ ಗಾಡಿ ವಿಷಯದೊಳಗ ನನ್ನ ಮಾತು ಕೇಳಿದವರು ನೀನೊಬ್ಬನೇ. ಏಳನೇ ಕ್ಲಾಸು ಓದಿದ ಹೆಂಗಸು, ಪುಸ್ತಕದ ಚಿತ್ರ ನೋಡಿ ನೋಡಿ ನಮ್ಮ ಹಳೇ ಎಂಜಿ ಕಾರಿನ ಕಾರ್ಬೊರೇಟರ್ ಬಿಚ್ಚಿ ಜೋಡಿಸಲು ಕಲಿತವಳು. ಓಣಿಯವರು ಇವತ್ತಿಗೂ ಅದಕ್ಕೆ ನಗ್ತಾರ. ನೀನು ನಗಲಿಲ್ಲ.

ಮೊದಲು ಓಡಿಸಿದ್ದು ಇಂಗ್ಲೆಂಡಿನ ಎಂಜಿ-ಬಿ, ನಮ್ಮ ಮನೆ ಗಾಡಿಯ ತಮ್ಮ. ಡೌಲು ಇಲ್ಲ, ಒರಟು ಕ್ಲಚ್ಚು, ಎಣ್ಣೆ ಸೋರೋದು ಅದರ ಹುಟ್ಟುಗುಣ. ಆದರೆ ದಾರಿಯೊಳಗ ನಿಂತರೆ ಒಂದು ಪಾನಾ, ಒಂದು ತುಂಡು ತಂತಿ ಇದ್ದರೂ ಮನೆ ಮುಟ್ಟಿಸ್ತದ. ಆಮೇಲೆ ಜರ್ಮನಿಯ ಪೋರ್ಷೆ. ಎಂಜಿನ್ನು ಹಿಂದೆ, ತಣ್ಣಗಾಗಲು ನೀರೇ ಬೇಡ, ಗಾಳಿ ಸಾಕು. ಬಾಗಿಲು ಹಾಕಿದರೆ ತಿಜೋರಿ ಹಾಕಿದ ಸಪ್ಪಳ. ಆದರೆ ತಿರುವಿನೊಳಗ ಹೆದರಿ ಗ್ಯಾಸಿನ ಮೇಲಿಂದ ಕಾಲು ತೆಗೆದಿ ಅಂದರೆ ಅದರ ಬೆನ್ನು ನಿನ್ನ ಮುಂದೆ ಬಂದು ನಿಲ್ತದ. ಅದಕ್ಕೆ ಗಟ್ಟಿ ಮನಸ್ಸಿನವರು ಬೇಕು, ನೀನು ಹಲ್ಲಿ ಕಂಡರೆ ಮಂಚ ಹತ್ತೋನು ಅಂದೆ. ಅಮೀನ್‌ಸಾಬರು ಹೊಟ್ಟೆ ಹಿಡಕೊಂಡು ನಕ್ಕರು.

ಕಡೆಗೆ ಕೆಂಪನೆಯ ಇಟಲಿ ಗಾಡಿ, ಆಲ್ಫಾ ಸ್ಪೈಡರ್. ಸುಳ್ಳು ಯಾಕೆ ಹೇಳಲಿ, ಅದರ ಎಂಜಿನ್ನಿನ ದನಿ ಮೇಲೇರುವಾಗ ನನಗೆ ಮೈ ಜುಮ್ಮೆಂದಿತು. ಐದು ಗೇರು, ಹಗೂರ ಸ್ಟೇರಿಂಗು, ಮೂರರೊಳಗೂ ಓಡಿಸಲು ಸುಖ ಅಂದರೆ ಅದೇ. "ಬೀಬೀಜಿ, ನಿಮ್ಮ ಕಾಲು ಕ್ಲಚ್ ಮ್ಯಾಲ ಅಲ್ರೀ, ರೇಶ್ಮಿ ಮ್ಯಾಲ ಇಟ್ಟಂಗ ಅದ" ಅಂತ ಅಮೀನ್‌ಸಾಬರು ಹೊಗಳಿದ್ದೂ ಅದನ್ನು ಓಡಿಸಿದಾಗಲೇ. ಆವಾಗಲೇ ನಾನು ಹೇಳಿದ್ದೆ: ಓಡಿಸೋದು ಬೇರೆ, ಸಾಕೋದು ಬೇರೆ. ಇದು ತಣ್ಣಗಿದ್ದಾಗ ಎರಡನೇ ಗೇರಿಗೆ ಅವಸರ ಮಾಡಬ್ಯಾಡ, ನಿಮ್ಮ ಕಾಲುವೆ ಸೀಮೆಯ ತೇವಕ್ಕೆ ತಗಡು ತುಕ್ಕು ಹಿಡೀತದ, ಎಲ್ಲಕ್ಕಿಂತ ಮುಖ್ಯ ಇದರ ಹೊಟ್ಟಿ ನೆಲಕ್ಕೆ ಹತ್ತಿರ ಅದ. ತಗೋ, ಆದರೆ ಎದುರಿಗೆ ಇರೋ ರಸ್ತೆ ಇಟಲೀದಲ್ಲ, ಮಸ್ಕೀದು ಅನ್ನೋದು ಮರೀಬ್ಯಾಡ.

ನೀನು ಆಲ್ಫಾನೇ ತಗೊಂಡಿ. ಅದಕ್ಕೇ ಗಾಡಿ ಪೂಜೆಯ ದಿನ ಡಿಕ್ಕಿಯೊಳಗ ಒಂದು ಬಾರಿಗೆ ಇಟ್ಟೆ. ಹೊಸಾ ಕಸಬರಿಗೆ, ಅರಿಷಿಣ ಹಚ್ಚಿದ್ದು. ನಿಮ್ಮ ಮಾವ ನಮ್ಮ ಎಂಜಿಯೊಳಗ ಸ್ಟೆಪ್ನಿ ಬಾಜೂಕ ಯಾವಾಗಲೂ ಇಡ್ತಿದ್ದರು. ಸುಗ್ಗಿಯೊಳಗ ರಸ್ತೆ ಮೇಲೆ ರಾಶಿ ಕಂಡರೆ ಗಾಡಿ ನಿಲ್ಲಿಸೋದು, ಇಳಿದು ಒಂದು ಬದಿಗೆ ಸರಿಸೋದು, ದಾಟಿ ಹೋಗಿ ಮತ್ತೆ ಮೊದಲಿನಂತೆ ಹರವಿ ಬರೋದು. ಲಾರಿ, ಬಸ್ಸು, ಟ್ರ್ಯಾಕ್ಟರ್ ಹಾಯ್ದರೆ ಕಾಳು ಉದುರಿ ರೈತರಿಗೆ ಅನುಕೂಲ, ನಮ್ಮಂಥ ಕುಳ್ಳ ಗಾಡಿ ಹಾಯ್ದರೆ ಬಳ್ಳಿ ಹೊಟ್ಟೆಗೆ ಸುತ್ತಿಕೊಳ್ತದ. ಇದು ನಮ್ಮ ಕಡೆ ಗೊತ್ತಿದ್ದ ಮಾತು. ನೀನು ಆ ಬಾರಿಗೆ ತೆಗೆದು ಮಿಲ್ಲಿನ ಮೂಲೆಗೆ ಒಗೆದಿ. "ಅತ್ತೀ, ಸ್ಪೋರ್ಟ್ಸ್ ಕಾರಿನೊಳಗ ಕಸಬರಿಗೆ ಇಟ್ಟರ ಮಂದಿ ನಗ್ತಾರ" ಅಂದಿ. ಈಗ ಯಾರು ನಗಾಕತ್ತಾರ ಹೇಳು.

ಬೆಂಕಿ ಹತ್ತಿದ ಆವತ್ತು ಸಿಂಧನೂರಿನಿಂದ ನನ್ನನ್ನು ಊರಿಗೆ ಬಿಡಲು ಹೊರಟಿದ್ದಿ. ದೊಡ್ಡ ರಸ್ತೆ ತುಂಬಾ ಭತ್ತದ ಟ್ರ್ಯಾಕ್ಟರ್ ಅಂತ ಮಸ್ಕಿ ದಾಟಿದ ಮೇಲೆ ಸಂತೆಕಲ್ಲೂರಿನ ಕಡೆ ಹೊರಳಿಸಿದಿ. ಮೇಲ್ಛಾವಣಿ ಬಿಚ್ಚಿತ್ತು, ಬಿಸಿಲು ಹಿತವಾಗಿತ್ತು, ಎರಡೂ ಕಡೆ ಜ್ವಾಳ ನಿಂತಿತ್ತು. ನಾನು ಖರೇ ಹೇಳ್ತೀನಿ, ಖುಷಿಯಾಗಿದ್ದೆ. ತಿರುವು ದಾಟಿದ ಕೂಡಲೇ ಹುರುಳಿ. ಒಣಗಿದ ಬಳ್ಳಿ, ಮೊಣಕಾಲೆತ್ತರ. ನಾನು "ನಿಂದ್ರಸು" ಅಂದೆ. ಆ ಬದಿಯಿಂದ ಸೂಗಮ್ಮ ಎರಡೂ ಕೈ ಎತ್ತಿ ಓಡಿ ಬಂದಳು. "ಹಾಯಿಸಬ್ಯಾಡೋ ಯಪ್ಪಾ! ಸಣ್ಣ ಗಾಡಿ ಅದ, ಹಾಯಿಸಬ್ಯಾಡ!"

ನೀನು "ಹಾಯಿಸ" ಅನ್ನೋದಕ್ಕೇ ಗ್ಯಾಸ್ ಒತ್ತಿದಿ. "ಬ್ಯಾಡ" ಅನ್ನೋದನ್ನು ನಿನ್ನ ಎಂಜಿನ್ನು ನುಂಗಿತು. ನಮ್ಮ ಭಾಷೆಯೊಳಗ ಬೇಡ ಅನ್ನೋದು ಮಾತಿನ ಬಾಲದಲ್ಲಿ ಇರ್ತದ ಮಗನೇ, ಕಡೀತನಕ ಕಾಯಬೇಕು. ಇಷ್ಟೇ ಆಗಿದ್ದರೆ ನಾನು ಸಿಟ್ಟಾಗ್ತಿರಲಿಲ್ಲ. ಯಾರಾದರೂ ತಪ್ಪು ಕೇಳಿಸಿಕೊಳ್ಳಬಹುದು. ದಿನಾ ಎತ್ತರದ ಗಾಡಿಯೊಳಗ ಹೋಗುವಾಗ ಹೆಣ್ಣುಮಕ್ಕಳು ಹಾಯಿಸ್ರಿ ಹಾಯಿಸ್ರಿ ಅಂತ ಕರೆಯೋದು ನಿನಗೆ ರೂಢಿ. ನೀನು ನಕ್ಕೋತ "ನಮ್ಮ ಆಲ್ಫಾನೂ ಹುರುಳಿ ಬಡೀಲಿ ಅತ್ತೀ" ಅಂದಿದ್ದು ಒಳ್ಳೇ ಮನಸ್ಸಿನಿಂದಲೇ.

ಆಮೇಲಿನದು ಹೇಳು. ಬಳ್ಳಿ ಕೆಳಗೆ ಸುತ್ತಿಕೊಂಡಿತು, ಕಾದ ಸೈಲೆನ್ಸರ್ ಕೊಳವೆಗೆ ತಗಲಿತು, ಹೊಗೆ ಬಂತು, ಉರಿ ಬಂತು. ನೀನು ನಿನ್ನ ಬಾಗಿಲು ತೆಗೆದು ಜಿಗಿದು ಜ್ವಾಳದ ಬದುವಿನ ತನಕ ಓಡಿ, ಅಲ್ಲಿಂದ "ಅತ್ತೀ ಇಳೀ, ಇಳೀ" ಅಂತ ಕೂಗಿದಿ. ಹೆಂಗ ಇಳೀಲಿ? ಆ ಸೀಟು ನೆಲದ ಮೇಲೆ ಚಾಪೆ ಹಾಸಿದಂಗ ಅದ, ನನ್ನ ಮೊಣಕಾಲು ಏಳ್ತಾವೇನು? ಸೂಗಮ್ಮ ಬಂದಳು. ಬೆಲ್ಟು ಬಿಚ್ಚಲು ಆಕೆಗೆ ಬರಲಿಲ್ಲ, ನನ್ನ ಕೈ ಆಡಲಿಲ್ಲ. ಕುಡುಗೋಲಿನಿಂದ ಬೆಲ್ಟು ಕೊಯ್ದು, ಬಗಲಿಗೆ ಕೈ ಹಾಕಿ ಎಳೆದು, ಇಬ್ಬರೂ ರಸ್ತೆ ಮೇಲೆ ಉರುಳಿದೆವು. ಆಕೆಯ ಸೀರೆ ಅಂಚು ಹತ್ತಿತ್ತು, ಅಂಗೈಯಿಂದಲೇ ಬಡಿದು ಆರಿಸಿಕೊಂಡಳು. ಆಮೇಲೆ ನನಗೆ ನೀರು ಕುಡಿಸಿ ಏನಂದಳು ಗೊತ್ತಾ? "ಯವ್ವಾ, ನಿನ್ನ ಅಳಿಯ ಅಂಜ್ಯಾನ, ಬೈಬ್ಯಾಡ." ಆಕೆಯ ಹುರುಳಿ ಹಿಂದೆ ಧಗಧಗ ಉರೀತಿತ್ತು, ಆಕೆ ಆ ಕಡೆ ತಿರುಗಿ ನೋಡಲಿಲ್ಲ.

ಆಸ್ಪತ್ರೆಗೆ ಹೋಗೋ ದಾರಿಯೊಳಗ ನಾನು ನಿನಗೆ ಹೇಳಿದೆ, ಆಕೆ ಹಾಯಿಸಬ್ಯಾಡ ಅಂದಿದ್ದಳು ಅಂತ. ನೀನು ತಲೆ ತಗ್ಗಿಸಿ "ಹೌದಾ?" ಅಂದಿ. ಅಂದರೆ ನಿನಗೆ ಪೂರಾ ಮಾತು ಗೊತ್ತಾಗಿತ್ತು. ಗೊತ್ತಾದ ಮೇಲೂ ಪೊಲೀಸರ ಮುಂದೆ ಆಕೆಯ ಮೇಲೆ ದೂರು ಕೊಟ್ಟು ಅರ್ಧ ಮಾತನ್ನೇ ಬರೆಸಿದಿ. ನನ್ನ ಸಿಟ್ಟು ಇರೋದು ಅದಕ್ಕೆ. ಗಾಡಿ ಸುಟ್ಟದ್ದಕ್ಕಲ್ಲ, ನೀನು ಓಡಿದ್ದಕ್ಕೂ ಅಲ್ಲ. ಅಂಜಿಕೆ ಕಾಲಿಗೆ ಬರ್ತದ, ಅದನ್ನು ನಾನು ಮಾಫ್ ಮಾಡ್ತೀನಿ. ಸುಳ್ಳನ್ನು ಕೂತು, ಯೋಚನೆ ಮಾಡಿ, ಟೈಪು ಮಾಡಿಸಿದ್ದಿಯಲ್ಲೋ! ಅದರ ಮೇಲೆ ನನ್ನ ಸಹಿ! ಆಕೆ ಎಳೆದು ಉಳಿಸಿದ ಇದೇ ಕೈಯಿಂದ ಆಕೆಯನ್ನು ಕಟಕಟೆಗೆ ನಿಲ್ಲಿಸು ಅಂತೀಯಾ?

ರಸ್ತೆ ಅಂದರೆ ಕಣ ಅಲ್ಲ, ಹರವಿದ್ದು ಆಕೆಯ ತಪ್ಪು ಅಂತ ಭುವನೇಶ್ವರಿ ಫೋನಿನೊಳಗ ಹೇಳಿದಳು. ನಿನ್ನ ಹೆಂಡತಿ ಹೇಳಿದ್ದು ಕಾಯ್ದೆ, ಒಪ್ಪತೀನಿ. ಆ ತಪ್ಪು ಬರೀ. ಆದರೆ ಆಕೆ ಕೂಗಿದ್ದನ್ನೂ ಬರೀ, ಕುಡುಗೋಲನ್ನೂ ಬರೀ, ಮೂಲೆಗೆ ಒಗೆದ ಬಾರಿಗೆಯನ್ನೂ ಬರೀ.

ಸೋಮವಾರ ನಾನು ನಮ್ಮ ಎಂಜಿ ತಗೊಂಡು ಮಸ್ಕಿ ಠಾಣೆಗೆ ಹೋಗ್ತೀನಿ. ಕಂಡದ್ದು ಕೇಳಿದ್ದು ನಾನೇ ಹೇಳ್ತೀನಿ, ನನ್ನ ಮಾತಿನೊಳಗೇ, ಬಾಲದ ಸಮೇತ. ಅದಕ್ಕಿಂತ ಮೊದಲು ನೀನು ಬಂದು ದೂರು ತಿದ್ದಿಸಿದರೆ ನನ್ನ ಅಣ್ಣನ ಮಗ. ಇಲ್ಲದಿದ್ದರೂ ನೀನು ನನ್ನ ಅಣ್ಣನ ಮಗನೇ, ಅದೇ ನನ್ನ ಸಂಕಟ. ಆದರೆ ನಾನು ಸೂಗಮ್ಮನ ಕಡೆ ನಿಲ್ತೀನಿ, ನಿನ್ನ ಎದುರಿಗೆ, ಎಲ್ಲರೂ ನೋಡುವಂತೆ.

ಠಾಣೆ ಕೆಲಸ ಮುಗಿದ ಮೇಲೆ ಸಂತೆಕಲ್ಲೂರಿಗೆ ಹೋಗೋಣ. ಆಕೆಯ ಅಂಗೈ ಇನ್ನೂ ಮಾಗಿಲ್ಲ. ಸುಡದೆ ಉಳಿದ ಹುರುಳಿ ಹೊಲದೊಳಗೇ ಬಿದ್ದದ. ಅದನ್ನು ಬಡಿಯಲು, ಗುಡಿಸಲು, ತೂರಲು ಕೈ ಬೇಕು. ನಿನ್ನವು ಎರಡೂ ನೆಟ್ಟಗವ. ಮಿಲ್ಲಿನ ಆಳನ್ನು ಕಳಿಸಿದರೆ ನಾನು ಚಹಾನೂ ಕುಡಿಸದೆ ವಾಪಸ್ ಕಳಿಸ್ತೀನಿ. ನೀನೇ ಬಾ. ಬರುವಾಗ ಆ ಮೂಲೆಯಿಂದ ಬಾರಿಗೆ ಎತ್ತಿಕೊಂಡು ಬಾ.

ಇನ್ನು ಆಶೀರ್ವಾದ. ಬಹಳ ವರ್ಷ ಬಾಳು ಸಂಗೂ. ಇನ್ನೊಂದು ಗಾಡಿ ಬರಲಿ, ಕೆಂಪಂದೇ ಬರಲಿ. ಯಾರೇ ಕೂಗಿದರೂ ಮಾತು ಮುಗಿಯೋತನಕ ಕೇಳುವ ಕಿವಿ ನಿನಗೆ ಬರಲಿ.

ಸಿಟ್ಟಿನಿಂದ, ಬಾಗಿಲು ತೆರೆದಿಟ್ಟುಕೊಂಡು,
ನಿನ್ನ ಅತ್ತಿ
ಶಿವಗಂಗಾ