ಇಂತ್ರುದು ದಿನದ ಒಣ ಅಂಗಿ

ಫೆಬ್ರವರಿ 4, ಭಾನುವಾರ
ಚಾಪೆಲ್ ಗುಡಿಸಿದೆ. ಬಾವಲಿ ಹಿಕ್ಕೆ, ಮೇಣದ ಚೂರು, ಯಾರದೋ ಹಲ್ಲುಕಡ್ಡಿ. ಪೋರ್ಚುಗೀಸರು ಇದನ್ನು ಕಟ್ಟಿ ಮಲಕ್ಕಾ ಬಿಟ್ಟು ಹೋದರು. ತಮ್ಮ ಹೆಸರುಗಳನ್ನೂ ಪೊರಕೆಯನ್ನೂ ನಮಗೆ ಬಿಟ್ಟರು. ಪೊರಕೆ ಅಪ್ಪನದಾಗಿತ್ತು. ಡಿಸೆಂಬರಿನಿಂದ ನನ್ನದು.

ಅಪ್ಪನ ಶವಪೆಟ್ಟಿಗೆ ಈ ಬಾಗಿಲಿಂದ ಹೊರಬಿದ್ದ ಮೇಲೆ ಅಮ್ಮ ಇತ್ತ ಬಂದಿಲ್ಲ. ಮನೆಯ ಹೊಸಿಲೇ ದಾಟಿಲ್ಲ. ನನ್ನನ್ನು ಬೈದೂ ಇಲ್ಲ. ನಿನ್ನೆ ಬೇಕೆಂದೇ ಸೀಗಡಿ ಸಾರಿಗೆ ಸಕ್ಕರೆ ಸುರಿದೆ. ಉಂಡಳು. ಎದ್ದಳು.

ಫೆಬ್ರವರಿ 10
ನಾಳೆ ಇಂತ್ರುದು... ತಪಸ್ಸುಕಾಲಕ್ಕೆ ಮುಂಚಿನ ನೀರೆರಚಾಟ. ಮೂರು ವರ್ಷ ಬಕೆಟ್ ಪಡೆಯ ಮಹಾದಂಡನಾಯಕನಾಗಿದ್ದೆ. ಗೆಳೆಯ ಜೆರ್ವೇಸ್ ಬಂದು ಪದವಿ ಕಿತ್ತುಕೊಂಡ. ಸಾವಾದ ಮನೆಯವರ ಮೇಲೆ ಹನಿಯೂ ಬೀಳಕೂಡದು — ಕಟ್ಟಳೆ. ಅಂಗಳದಲ್ಲಿ ಕಾಲು ಬದಲಿಸುತ್ತ ನಿಂತಿದ್ದ.
"ಬೇಜಾರ್ ಮಾಡ್ಕೋಬೇಡ ಕಣೋ. ಒಂದು ವರ್ಷ ಅಷ್ಟೇ."
ಘನತೆಯಿಂದ ರಾಜೀನಾಮೆ ಕೊಟ್ಟೆ.

ಫೆಬ್ರವರಿ 11, ಮಧ್ಯಾಹ್ನ
ಪೂಜೆ ಮುಗಿಯಿತು. ಚಾಪೆಲ್ ಬಾಗಿಲಾಚೆ ಬಕೆಟ್ ಪಡೆ. ಮುಂದಿದ್ದವರೆಲ್ಲ ತೊಯ್ದರು, ಪಾದ್ರಿಗಳೂ. ನಾನು ಮೆಟ್ಟಿಲಿಳಿದೆ. ಬಕೆಟ್ ಕೆಳಗಿಟ್ಟು ದಾರಿ ಬಿಟ್ಟರು. ಒಬ್ಬ ಟೊಪ್ಪಿ ತೆಗೆದ. ಬಿಷಪ್ಪರಿಗೂ ಇಷ್ಟು ಮರ್ಯಾದೆ ಸಿಕ್ಕಿದ್ದು ಕಂಡಿಲ್ಲ. ಬೀದಿಯಲ್ಲಿ ಒಣ ಅಂಗಿ ನನ್ನದೊಂದೇ. ಏನೂ ಅನ್ನಿಸಲಿಲ್ಲ.

ಅದೇ ದಿನ, ಸಂಜೆ
ಹಿತ್ತಲ ನಲ್ಲಿಯ ಕೆಳಗೆ ತಲೆ ಕೊಟ್ಟೆ. ನೆಲವೆಲ್ಲ ಒದ್ದೆಯಾದರೆ ಅಮ್ಮ ಒಮ್ಮೆ ಬೈದಾಳು ಎಂದು. ನೀರು ಸುರಿಸುತ್ತ ಒಳಗೆ ಹೋದೆ. ನೋಡಿದಳು.
"ಯಾರು?"
ಬಾಯಿಗೆ ಬಂದ ಹೆಸರು ಹೇಳಿದೆ — ಜೆರ್ವೇಸ್.
ಬರಿಗಾಲಲ್ಲೇ ಹೊರಟಳು. ಹೊಸಿಲು ದಾಟಿದಳು. ಹಿಂದೆ ನಾನು, ತೊಟ್ಟಿಕ್ಕುತ್ತ. ಚಾಪೆಲ್ ಅಂಗಳದಲ್ಲಿ ಅವನನ್ನು ಹಿಡಿದಳು.
"ಸಾವಿನ ಮನೆ ಅನ್ನೋದು ಕಾಣಲ್ವೇನೋ ನಿಂಗೆ? ಅವರ ಮೇಲಿನ ಮಣ್ಣಿನ್ನೂ ಕೂತಿಲ್ಲ."
ನನಗೆ ಬರಬೇಕಿದ್ದ ಬೈಗುಳವೆಲ್ಲ ಅವನ ತಲೆಗೆ. ಅವಳ ಭುಜದ ಮೇಲಿಂದ ಅವನು ನನ್ನನ್ನು ನೋಡಿದ. ನಾನು ನೆಲ ನೋಡಿದೆ.
"ತಪ್ಪಾಯ್ತು ಆಂಟಿ," ಅಂದ.
ಬೈದು ಸುಸ್ತಾಗಿ ಚಾಪೆಲ್ ಮೆಟ್ಟಿಲ ಮೇಲೆ ಕೂತಳು. ತೆರೆದ ಬಾಗಿಲೊಳಗೆ ಬಹಳ ಹೊತ್ತು ನೋಡಿದಳು. ಒಳಗೆ ಹೋಗಲಿಲ್ಲ.

ಫೆಬ್ರವರಿ 14, ಬೂದಿ ಬುಧವಾರ
ತಪಸ್ಸುಕಾಲ ಶುರು. ಇವತ್ತು ಚಾಪೆಲಿನಲ್ಲಿ ಎಲ್ಲರ ಹಣೆಗೂ ಬೂದಿ.
ಜೆರ್ವೇಸ್ ಎದುರು ಸಿಕ್ಕ. ಬೀದಿಯ ಆಚೆ ಬದಿಗೆ ದಾಟಿದ. ನ್ಯಾಯವೇ.
ಅಮ್ಮ ಕನ್ನಡಿ ಮುಂದೆ ತಲೆಗೆ ಕಪ್ಪು ವಸ್ತ್ರ ಹೊದೆಯುತ್ತಿದ್ದಾಳೆ. ಎಲ್ಲಿಗೆ ಎಂದು ಕೇಳಿಲ್ಲ. ಕೇಳಿದರೆ ನಿಂತುಬಿಟ್ಟಾಳು. ಚಪ್ಪಲಿ ಮೆಟ್ಟಿದಳು. ಈಗ ಬಾಗಿಲಲ್ಲಿ.
"ಬರ್ತೀಯೋ, ಇಲ್ಲ ಬೂದಿ ಮನೆಗೇ ತರಿಸ್ಲೋ, ದೊರೆ?"
ಶೂ ಹುಡುಕಬೇಕು. ಒಂದು—